ಚಾರ್ಟಿಗೆ ಮುನ್ನ ರೇಡಿಯೊ

ವಿದ್ಯುತ್ಕಾಂತೀಯ ರೋಹಿತದ ಪಾಠವನ್ನು ಬೋಧನಾಭ್ಯಾಸದ ತರಗತಿಗಳಲ್ಲಿ ನಾನು ಹಲವು ಸಲ ವೀಕ್ಷಿಸಿದ್ದೇನೆ. ಹೆಚ್ಚಿನವು ಚಾರ್ಟಿನಿಂದಲೇ ಶುರುವಾಗುತ್ತವೆ: ರೇಡಿಯೊ, ಮೈಕ್ರೋವೇವ್, ಅವಕೆಂಪು, ಬೆಳಕು, ಅತಿನೇರಳೆ, ಕ್ಷ-ಕಿರಣ, ಗಾಮಾ. ಮಕ್ಕಳು ಕ್ರಮವನ್ನು ಒಪ್ಪಿಸುತ್ತಾರೆ, ಪ್ರಶಿಕ್ಷಣಾರ್ಥಿಗೆ ಅಂಕ ಸಿಗುತ್ತದೆ. ಈ ಚಾರ್ಟನ್ನು ಪಾಠದ ಕೊನೆಗೆ ತಳ್ಳಬೇಕೆಂಬುದು ನನ್ನ ವಾದ.

ಮೊದಲು ರೇಡಿಯೊ ಬರಲಿ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಆವೃತ್ತಿ 612 ಕಿಲೋಹರ್ಟ್ಸ್. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಅದನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸುಮಾರು 490 ಮೀಟರ್. ಅದೇ ಊರಿನ ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಸ್‌ನದು, ಲೆಕ್ಕ ಹಾಕಿದರೆ 3 ಮೀಟರಿಗೂ ತುಸು ಕಡಿಮೆ. ಒಂದು ಅಲೆ ಆಟದ ಮೈದಾನ ದಾಟಿ ಹೋಗುವಷ್ಟು, ಇನ್ನೊಂದು ಕರಿಹಲಗೆಯಷ್ಟು. ಹಸಿರು ಬೆಳಕಿನ ಅಲೆಗಳಾದರೋ ಒಂದೇ ಮಿಲಿಮೀಟರಿನಲ್ಲಿ ಸುಮಾರು ಎರಡು ಸಾವಿರ ಹಿಡಿಸುತ್ತವೆ. ಈ ಲೆಕ್ಕವನ್ನು ಮಕ್ಕಳೇ ಮಾಡಲಿ. ವೇಗ ಒಂದೇ, ಆವೃತ್ತಿ ಹೆಚ್ಚಿದಂತೆ ತರಂಗದೂರ ಕುಗ್ಗುತ್ತದೆ ಎಂಬುದು ಅವರ ಕೈಗೇ ಸಿಗುತ್ತದೆ.

ಆಮೇಲೆ ಟಿ.ವಿ. ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ ಅವಕೆಂಪು ಪರದೆಯ ಮೇಲೆ ಮಿನುಗುತ್ತದೆ. (ಕೆಲವು ಫೋನುಗಳು ಅದನ್ನು ಸೋಸಿಬಿಡುತ್ತವೆ, ಹಿಂದಿನ ದಿನವೇ ನೋಡಿಕೊಳ್ಳಿ.)

ಇಷ್ಟೆಲ್ಲ ಯಾಕೆಂದರೆ, ಚಾರ್ಟ್ ಉತ್ತರಿಸದ ಒಂದು ಪ್ರಶ್ನೆಯನ್ನು ಮಕ್ಕಳು ಕೇಳುತ್ತಾರೆ: “ಮೊಬೈಲ್ ಟವರ್‌ದೂ ವಿಕಿರಣ, ಎಕ್ಸ್‌ರೇದೂ ವಿಕಿರಣ. ಎರಡೂ ಒಂದೇನಾ ಸರ್?” ಒಬ್ಬ ಪ್ರಶಿಕ್ಷಣಾರ್ಥಿ “ಹೌದು, ಎಲ್ಲದರಿಂದಲೂ ದೂರ ಇರಬೇಕು” ಎಂದದ್ದನ್ನು ಕೇಳಿದ್ದೇನೆ. ಆ ಮಗು ನಾಳೆ ಮುರಿದ ಕೈಗೆ ಎಕ್ಸ್‌ರೇ ತೆಗೆಸಲು ಹೆದರೀತು, ಇಲ್ಲವೇ ಅದನ್ನೂ ಮೊಬೈಲಿನಂತೆ ಹಗುರವಾಗಿ ಕಂಡೀತು. ಆವೃತ್ತಿಯ ಲೆಕ್ಕ ಮಾಡಿದ ತರಗತಿಗೆ ಉತ್ತರ ಹೇಳುವುದು ಸುಲಭ. ಒಂದು ಫೋಟಾನಿನ ಶಕ್ತಿ ಆವೃತ್ತಿಯೊಂದಿಗೇ ಏರುತ್ತದೆ. ಆಸ್ಪತ್ರೆಯ ಕ್ಷ-ಕಿರಣದ ಫೋಟಾನ್ ಮೊಬೈಲ್ ತರಂಗದ್ದಕ್ಕಿಂತ ನೂರಾರು ಕೋಟಿ ಪಟ್ಟು ಶಕ್ತಿಯದು. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕಬಲ್ಲದು. ರೇಡಿಯೊ ತರಂಗಕ್ಕೆ ಅದಾಗದು; ಬಹಳ ಪ್ರಬಲವಾಗಿದ್ದರೆ ಬಿಸಿ ಮಾಡೀತು.

ನಲವತ್ತು ನಿಮಿಷದಲ್ಲಿ ಇದೆಲ್ಲ ಆಗದು ಎನ್ನುವವರಿದ್ದಾರೆ. ಏಳು ಹೆಸರುಗಳನ್ನು ಮೂರು ಸಲ ಒಪ್ಪಿಸುವುದನ್ನು ಬಿಟ್ಟರೆ ಆಗುತ್ತದೆ. ನಮ್ಮ ವೀಕ್ಷಣಾ ನಮೂನೆಯಲ್ಲಿ ಚಾರ್ಟಿನ ಅಂದಕ್ಕೆ ಇಟ್ಟಿರುವ ಅಂಕಗಳಲ್ಲಿ ಅರ್ಧವನ್ನಾದರೂ ಮಕ್ಕಳ ಪ್ರಶ್ನೆಗೆ ಕೊಟ್ಟ ಉತ್ತರಕ್ಕೆ ವರ್ಗಾಯಿಸೋಣ. ಮುಂದಿನ ತಂಡ ಶಾಲೆಗಳಿಗೆ ಹೊರಡುವ ಮುನ್ನವೇ ಇದು ಆಗಲಿ.