ಬೆಲೆ ಕೇಳುವ ಕಿವಿ

ಸ್ಪೀಕರ್ ಕೊಳ್ಳಲು ಹೋದಾಗ ನಾವು ಎರಡು ಸಲ ಕೇಳುತ್ತೇವೆ. ಮೊದಲು ಬೆಲೆ ಕೇಳುತ್ತೇವೆ, ಆಮೇಲೆ ಹಾಡು ಕೇಳುತ್ತೇವೆ. ಬೆಲೆ ಕೇಳಿಯಾದ ಮೇಲೆ ಹಾಡು ಕೇಳುವ ಕಿವಿ ಮೊದಲಿನ ಕಿವಿಯಾಗಿ ಉಳಿದಿರುವುದಿಲ್ಲ. ಅದಕ್ಕೇ ಮನೆಗೆ ಸ್ಪೀಕರ್ ತರುವ ಮುಂಚೆ, ತಂದಾಗಿದ್ದರೆ ಹಿಂತಿರುಗಿಸುವ ಗಡುವು ಮುಗಿಯುವ ಮುಂಚೆ, ಹೆಸರು ಮತ್ತು ಬೆಲೆ ಎರಡನ್ನೂ ಮರೆಮಾಡಿ ಹೋಲಿಸಿ ನೋಡಬೇಕು ಎಂದು ನಾವು ವಾದಿಸುತ್ತೇವೆ. ಕೊಲ್ಲಿಯಲ್ಲಿರುವ ನಮ್ಮ ಜನರಿಗೆ ಇದು ಅತಿಯಾಯಿತು ಅನ್ನಿಸಬಹುದು. ನಮಗೂ ಹಾಗೇ ಅನ್ನಿಸಿತ್ತು, ಕಳೆದ ಬೇಸಿಗೆ ರಜೆಯಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿರುವ ಭಾವಮೈದುನನ ಮನೆಗೆ ಹೋಗುವ ತನಕ.

ಅವನ ಫ್ಲ್ಯಾಟು ಬಾನ್‌ಸ್ಟಾಟ್ ಎಂಬ ಹೊಸ ಬಡಾವಣೆಯಲ್ಲಿದೆ. ಹಳೆಯ ಗೂಡ್ಸ್ ರೈಲು ನಿಲ್ದಾಣದ ಜಾಗದಲ್ಲಿ ಎದ್ದ ಬಡಾವಣೆ ಅದು. ದಪ್ಪ ಗೋಡೆ, ಮೂರು ಪದರ ಗಾಜಿನ ಕಿಟಕಿ, ಹೊರಗಿನ ಸದ್ದು ಒಳಗೆ ಬರದು. ಅಂಥ ಮನೆಯಲ್ಲೂ ಉಡುಪಿ ಕಡೆಯಿಂದ ಮೂರು ತಿಂಗಳಿಗೆಂದು ಬಂದಿದ್ದ ಅತ್ತೆಯವರಿಗೆ ಯಕ್ಷಗಾನದ ರೆಕಾರ್ಡಿಂಗ್‌ನಲ್ಲಿ ಚೆಂಡೆ ಕೇಳುತ್ತಿತ್ತು, ಅರ್ಥ ಹೇಳುವವರ ಮಾತು ಮಾತ್ರ ಹಿಡಿಯುತ್ತಿರಲಿಲ್ಲ. "ಸ್ವಲ್ಪ ದೊಡ್ಡದು ಮಾಡು ಮಗಾ" ಎಂದು ದಿನಕ್ಕೆ ಹತ್ತು ಸಲ. ರಾತ್ರಿ 10ರ ಮೇಲೆ ಅಲ್ಲಿ ದೊಡ್ಡದು ಮಾಡುವಂತಿಲ್ಲ, ಭಾನುವಾರವಂತೂ ಹಗಲೂ ಮೆತ್ತಗಿರಬೇಕು. ಹಳೆಯ ಸ್ಪೀಕರ್ ಸರಿಯಿಲ್ಲವೆಂದು ಭಾವಮೈದುನ ಆನ್‌ಲೈನ್‌ನಲ್ಲಿ 1,100 ಯೂರೋ ಕೊಟ್ಟು ಹೊಸ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ತರಿಸಿದ್ದ. ಹಳೆಯದು ಹಳೇ ಸಾಮಾನಿನ ಸಂತೆಯಲ್ಲಿ 150 ಯೂರೋಗೆ ಕೊಂಡದ್ದು. ನಾವು ಹೋಗಿ ಇಳಿದ ದಿನ ಹೊಸ ಜೋಡಿ ಬಂದು ಎಂಟು ದಿನವಾಗಿತ್ತು. ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನಗಳೊಳಗೆ ಕಾರಣ ಹೇಳದೆ ಹಿಂತಿರುಗಿಸುವ ಹಕ್ಕು ಯುರೋಪಿನಲ್ಲಿ ಇದೆ. ಅಂದರೆ ಆರು ದಿನ ಉಳಿದಿತ್ತು.

"ಭಾವ, ಕೇಳಿ ನೋಡಿ, ಏನು ವ್ಯತ್ಯಾಸ!" ಅಂದ. ಕೇಳಿದೆವು. ನಿಜಕ್ಕೂ ಭಾರೀ ವ್ಯತ್ಯಾಸ. ತಬಲಾದ ಎಡಗೈ ಹೊಟ್ಟೆಗೆ ತಟ್ಟುತ್ತಿತ್ತು, ತಾಳ ಮಿಂಚುತ್ತಿತ್ತು. ನಾವೆಲ್ಲ ತಲೆದೂಗಿದೆವು. ಅತ್ತೆ ಮಾತ್ರ "ಚೆನ್ನಾಗಿದೆ, ಸ್ವಲ್ಪ ದೊಡ್ಡದು ಮಾಡು" ಅಂದರು.

ಮರುದಿನ ಊರು ನೋಡಲು ಹೊರಟೆವು. ಹೈಡೆಲ್‌ಬರ್ಗ್ ಕೋಟೆಯೊಳಗೆ ಜರ್ಮನ್ ಔಷಧಾಲಯ ವಸ್ತುಸಂಗ್ರಹಾಲಯವಿದೆ, 1957ರಿಂದ ಅಲ್ಲೇ ಇದೆ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದ ನಮಗೆ ಅದು ತೀರ್ಥಕ್ಷೇತ್ರವೇ. ಮರದ ಖಾನೆಗಳು, ಪಿಂಗಾಣಿ ಭರಣಿಗಳು, ಸಾಲು ಸಾಲು ತಕ್ಕಡಿಗಳು. ಡಿ.ಫಾರ್ಮಾ ಲ್ಯಾಬಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ ನೆನಪಾಯಿತು: ಪುಡಿ ತೂಗುವ ಮೊದಲು ಖಾಲಿ ತಟ್ಟೆಗಳು ಸಮ ನಿಂತಿವೆಯೇ ನೋಡು. ಹಿಂದಿನ ಸಂಜೆ ನಾವು ತಟ್ಟೆ ಸಮ ಮಾಡದೆಯೇ ತೂಗಿಬಿಟ್ಟಿದ್ದೆವು.

ಕೋಟೆಯಿಂದ ಇಳಿದು ಮುಖ್ಯ ಬೀದಿಗೆ ಬಂದರೆ ರಸಾಯನಶಾಸ್ತ್ರಜ್ಞ ಬುನ್ಸೆನ್ ಅವರ ಪ್ರತಿಮೆ. ಶಾಲೆಯ ಲ್ಯಾಬಿನಲ್ಲಿ ಉರಿಯುತ್ತಿದ್ದ ಬರ್ನರ್‌ನ ಬುನ್ಸೆನ್. ಅವರ ಕಾಲದಲ್ಲೇ, 1858ರಿಂದ 1871ರವರೆಗೆ, ಹರ್ಮನ್ ಹೆಲ್ಮ್‌ಹೋಲ್ಟ್ಸ್ ಇದೇ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕಿವಿ ಸ್ವರವನ್ನು ಹೇಗೆ ಗ್ರಹಿಸುತ್ತದೆ ಎಂಬ ಅವರ ದೊಡ್ಡ ಗ್ರಂಥ 1863ರಲ್ಲಿ ಬಂದದ್ದು ಈ ಊರಿನಲ್ಲಿದ್ದಾಗಲೇ. ಕುತ್ತಿಗೆಯಿರುವ ಟೊಳ್ಳು ಗೋಳಗಳನ್ನು ಒಂದೊಂದಾಗಿ ಕಿವಿಗಿಟ್ಟುಕೊಂಡು, ಒಂದು ನಾದದೊಳಗೆ ಯಾವ ಯಾವ ಸ್ವರಗಳು ಅಡಗಿವೆ ಎಂದು ಅವರು ಬಿಡಿಸಿ ನೋಡುತ್ತಿದ್ದರು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಭೋಂ ಎನ್ನುತ್ತದಲ್ಲ, ಅದೇ ತತ್ತ್ವ. ಇವತ್ತಿನ ಸ್ಪೀಕರ್ ಪೆಟ್ಟಿಗೆಯ ಹಿಂದೋ ಮುಂದೋ ಒಂದು ತೂತು ಇರುತ್ತದೆ. ಅದೂ ಬಾಟಲಿಯ ಕುತ್ತಿಗೆಯೇ. ಪುಟ್ಟ ಪೆಟ್ಟಿಗೆಯಿಂದ ದೊಡ್ಡ ತಗ್ಗುಸ್ವರ ಹೊರಡುವ ಗುಟ್ಟು ಅಲ್ಲಿದೆ. ಇಂಥ ಪೆಟ್ಟಿಗೆಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನ ತುರಾಸ್ ಅವರಿಗೆ ಪೇಟೆಂಟ್ ಸಿಕ್ಕಿದ್ದು 1932ರಲ್ಲಿ. ತೂತಿನ ಅಳತೆಯನ್ನು ಅಂದಾಜಿಗೆ ಬಿಡದೆ ಲೆಕ್ಕಕ್ಕೆ ತಂದವರು ಆಸ್ಟ್ರೇಲಿಯಾದ ನೆವಿಲ್ ಥೀಲ್, 1961ರಲ್ಲಿ.

ಇಂಥ ಊರಲ್ಲಿ ಕುಳಿತು ಬರೀ ತಲೆದೂಗಿ 1,100 ಯೂರೋ ಇತ್ಯರ್ಥ ಮಾಡುವುದು ಸರಿಯಲ್ಲ ಎನ್ನಿಸಿತು. ಅಳೆಯುವ ಮೈಕ್ ಒಂದನ್ನು ಭಾವಮೈದುನ ಗೆಳೆಯನಿಂದ ತಂದ. ಲ್ಯಾಪ್‌ಟಾಪ್‌ಗೆ ನೇರ ಸಿಕ್ಕಿಸುವ ಬಗೆಯದು. ಆ ಮೈಕ್ ಎಲ್ಲಿ ಎಷ್ಟು ತಪ್ಪು ಹೇಳುತ್ತದೆ ಎಂಬ ಪಟ್ಟಿ ಕ್ಯಾಲಿಬ್ರೇಷನ್ ಫೈಲ್ ಎಂದು ಜೊತೆಗೇ ಬರುತ್ತದೆ. ಅಳತೆಗೆ ಆರ್‌ಇಡಬ್ಲ್ಯೂ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಗುಂಯ್ ಎಂದು 20 ಹರ್ಟ್ಸ್‌ನಲ್ಲಿ ಶುರುವಾಗಿ ಸೀಟಿಯಾಗಿ 20,000ದಲ್ಲಿ ಮುಗಿಯುವ ಒಂದು ಸದ್ದು ಬಿಡುತ್ತದೆ, ವಾಪಸು ಬಂದದ್ದನ್ನು ಗೆರೆಯಾಗಿ ಎಳೆದು ತೋರಿಸುತ್ತದೆ.

ಮೊದಲ ದಿನದ ಗೆರೆ ನೋಡಿ ಎದೆ ಒಡೆಯಿತು. ಎರಡೂ ಸ್ಪೀಕರ್‌ಗಳ ಗೆರೆ ಆಗುಂಬೆ ಘಾಟಿಯ ಹಾಗೆ ಏರಿಳಿದಿತ್ತು. ತಪ್ಪು ಸ್ಪೀಕರ್‌ದಲ್ಲ, ಕೋಣೆಯದು. ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಸ್‌ನ ಸ್ವರ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಒಂದು ಕಡೆ ಕುಳಿತವರಿಗೆ ಅದು ಗುಡುಗು, ನಟ್ಟನಡುವೆ ಕುಳಿತವರಿಗೆ ಮೌನ. ಮೈಕನ್ನು ಒಂದು ಮೀಟರ್ ದೂರದಲ್ಲಿ, ಎರಡನ್ನೂ ನೆಲದಿಂದ 1.2 ಮೀಟರ್ ಎತ್ತರದಲ್ಲಿ ಇಟ್ಟರೆ, ನೆಲಕ್ಕೆ ಬಡಿದು ಬರುವ ಸದ್ದು ನೇರ ಸದ್ದಿಗಿಂತ 1.6 ಮೀಟರ್ ಹೆಚ್ಚು ನಡೆಯಬೇಕು. ಅಂದರೆ ಸುಮಾರು 4.7 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಅದು ಬರುವ ಮೊದಲೇ ಬಾಗಿಲು ಮುಚ್ಚಿದಂತೆ ಅಳತೆಯನ್ನು ಕತ್ತರಿಸಿಬಿಡಬಹುದು. ಹಾಗೆ ಮಾಡಿದರೆ 200 ಹರ್ಟ್ಸ್‌ನಿಂದ ಮೇಲಕ್ಕೆ ಸ್ಪೀಕರ್‌ನ ನಿಜಮುಖ ಕಾಣುತ್ತದೆ. ಅದಕ್ಕಿಂತ ಕೆಳಗೆ ಕಾಣುವುದು ಕೋಣೆ ಮತ್ತು ಸ್ಪೀಕರ್ ಸೇರಿದ ಮುಖ. ಗೋಡೆಗೆ ಒತ್ತಿ ಇಟ್ಟಿದ್ದ ಹೊಸ ಸ್ಪೀಕರ್‌ನ ಹಿಂದಿನ ತೂತಿಗೆ ಮಗನ ಕಾಲುಚೀಲ ತುರುಕಿದಾಗ ಗುಂಯ್ ಎನ್ನುವುದು ಎಷ್ಟೋ ಇಳಿಯಿತು. 1,100 ಯೂರೋದ ಸಾಮಾನಿಗೆ ಕಾಲುಚೀಲದ ಚಿಕಿತ್ಸೆ!

ಕತ್ತರಿಸಿದ ಗೆರೆಗಳು ಬೇರೆ ಕಥೆ ಹೇಳಿದವು. ಹಳೆಯದು ಹೆಚ್ಚುಕಡಿಮೆ ಸಪಾಟು. ಹೊಸದಕ್ಕೆ 8,000 ಹರ್ಟ್ಸ್‌ನ ಆಚೆ ನಾಲ್ಕು ಡೆಸಿಬಲ್ ಗುಡ್ಡ, 2,000ದಿಂದ 4,000ದ ನಡುವೆ ತಗ್ಗು. ಮೇಲೂ ಕೆಳಗೂ ಉಪ್ಪು ಖಾರ ಜಾಸ್ತಿ ಹಾಕಿ ನಡುವೆ ಸಪ್ಪೆ ಬಿಟ್ಟ ಅಡುಗೆ. ಎರಡು ತುತ್ತಿಗೆ ರುಚಿ.

ಗೆರೆಯೇ ಕೊನೆಯ ಮಾತು ಅಂತ ನಾವು ಹೇಳುವುದಿಲ್ಲ. ಗ್ರಾಫ್ ಒಂದನ್ನೇ ನೋಡಿ, ಹಾಡು ಕೇಳದೆ ಕೊಳ್ಳುವ ಹುಡುಗರೂ ಈಗ ಇದ್ದಾರೆ. ಅವರದ್ದು ಇನ್ನೊಂದು ಬಗೆಯ ಕುರುಡು. ಕೇಳಲೇಬೇಕು. ಹೇಗೆ ಕೇಳಬೇಕು ಎಂಬುದೇ ಪ್ರಶ್ನೆ.

ಆಸ್ಪತ್ರೆಯಲ್ಲಿ ದಿನವೂ ನೋಡುತ್ತೇವೆ. ಅದೇ ಔಷಧ, ಅದೇ ಪ್ರಮಾಣ, ಕಂಪನಿ ಬದಲಾಗಿ ಮಾತ್ರೆಯ ಬಣ್ಣ ಬೇರೆಯಾದರೆ "ಇದು ತಾಗುವುದಿಲ್ಲ, ಹಳೆಯದೇ ಕೊಡಿ" ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜಕ್ಕೂ ತಾಗುವುದಿಲ್ಲ. ಅದಕ್ಕೇ ಹೊಸ ಔಷಧದ ಪರೀಕ್ಷೆಯಲ್ಲಿ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಯಾವುದು ಯಾವುದೆಂದು ಗೊತ್ತಾಗದಂತೆ ಮಾಡುತ್ತಾರೆ. ಸ್ಪೀಕರ್‌ಗೂ ಇದನ್ನು ಮಾಡಿ ನೋಡಿದವರಿದ್ದಾರೆ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಕೇಳುಗರ ಗುಂಪು ಸ್ಪೀಕರ್‌ಗಳನ್ನು ಕಣ್ಣಿಗೆ ಕಾಣುವಂತೆಯೂ ಮರೆಯಲ್ಲಿಟ್ಟೂ ಕೇಳಿ ಅಂಕ ಕೊಟ್ಟಿತು. ಕಂಡಾಗ ಕೊಟ್ಟ ಅಂಕ ಬೇರೆ, ಕಾಣದಾಗ ಕೊಟ್ಟ ಅಂಕ ಬೇರೆ. ಅವರು ಕೆಲಸ ಮಾಡುತ್ತಿದ್ದದ್ದು ಸ್ಪೀಕರ್ ಮಾಡುವ ಕಂಪನಿಯಲ್ಲೇ, ಕೇಳುಗರೂ ಅಲ್ಲಿನವರೇ ಎಂಬುದನ್ನು ಗಮನಿಸಬೇಕು.

ಮೂರನೆಯ ದಿನ ನಮ್ಮ ಸರದಿ. ಮೊದಲು ತಟ್ಟೆ ಸಮ ಮಾಡಿದೆವು. ವಾಲ್ಯೂಮ್ ಒಂದೇ ಕಡೆ ಇಟ್ಟರೂ ಹೊಸದು ಮೂರು ಡೆಸಿಬಲ್ ಜೋರು. ಇಷ್ಟು ಸಾಕು, ಜೋರಾದದ್ದೇ ಚೆಂದ ಎನ್ನಿಸಲು. ಸದ್ದು ತಗ್ಗಿದಷ್ಟೂ ತಗ್ಗುಸ್ವರವನ್ನು ಕಿವಿ ಬಿಟ್ಟುಕೊಡುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಸೋಫಾದಲ್ಲಿ ತಲೆ ಬರುವ ಜಾಗದಲ್ಲಿ ಮೈಕ್ ಇಟ್ಟು, ಮಳೆ ಸುರಿದಂತಹ ಒಂದೇ ಸಮನೆ ಸದ್ದು ಬಿಟ್ಟು, ಅರ್ಧ ಡೆಸಿಬಲ್ ಒಳಗೆ ಎರಡನ್ನೂ ಸಮ ತಂದೆವು. ಮುಂದೆ ಮನೆಯಾಕೆಯ ಹಳೆಯ ತೆಳು ಹತ್ತಿ ಸೀರೆ ತೂಗಿಬಿಟ್ಟೆವು. ಸೀರೆ ಇದ್ದಾಗ, ಇಲ್ಲದಾಗ ಎಂದು ಅದನ್ನೂ ಅಳೆದೆವು. ತೀರಾ ಮೇಲಿನ ಸ್ವರದಲ್ಲಿ ಒಂದು ಡೆಸಿಬಲ್ ಕೂಡ ವ್ಯತ್ಯಾಸವಿಲ್ಲ. ಜೋಡಿಯಲ್ಲ, ಒಂದೊಂದೇ ಸ್ಪೀಕರ್, ಒಂದೇ ಜಾಗದಲ್ಲಿ. ಮಗ ಸೀರೆಯ ಹಿಂದೆ ಯೂರೋ ನಾಣ್ಯ ಚಿಮ್ಮಿ ಯಾವುದನ್ನು ಮೊದಲು ನುಡಿಸುವುದೆಂದು ನಿರ್ಧರಿಸುತ್ತಿದ್ದ, ಬಾಯಿ ಬಿಡುವಂತಿರಲಿಲ್ಲ. ಸಿ. ಅಶ್ವತ್ಥ್ ಅವರ ಹಾಡು, ಮಲ್ಲಿಕಾರ್ಜುನ ಮನ್ಸೂರರ ಒಂದು ಆಲಾಪ, ತಾಳಮದ್ದಳೆಯ ಮಾತು. ತಲಾ ಹತ್ತು ಸಲ.

ಭಾವಮೈದುನ ಹತ್ತರಲ್ಲಿ ಆರು ಸಲ ಹಳೆಯದನ್ನೇ ಆರಿಸಿದ. ಮುಖ ಸಪ್ಪೆಯಾಯಿತು. ಹತ್ತರಲ್ಲಿ ಆರು ಎಂದರೆ ನಾಣ್ಯ ಚಿಮ್ಮಿದಂತೆಯೇ, ಏನೂ ಸಾಬೀತಾಗಲಿಲ್ಲ ಎಂದು ಸಮಾಧಾನ ಹೇಳಿದೆವು. ನಮ್ಮದೂ ಹಾಗೇ, ಐದು ಐದು. ಅತ್ತೆಯವರು ಮಾತ್ರ ಹತ್ತರಲ್ಲಿ ಒಂಬತ್ತು ಸಲ ಹಳೆಯದನ್ನು ತೋರಿಸಿದರು. ಸುಮ್ಮನೆ ಅದೃಷ್ಟದಿಂದ ಹತ್ತರಲ್ಲಿ ಒಂಬತ್ತೋ ಹತ್ತೋ ಬರುವುದು ನೂರಕ್ಕೆ ಒಂದು ಸಲ. "ಅದರಲ್ಲಿ ಮಾತು ಒಂಚೂರು ಹತ್ತಿರ ಬರ್ತದೆ" ಅಂದರು.

ಅಡುಗೆಮನೆಯಲ್ಲಿ ಚಹಾ ಕುದಿಯುವಾಗ ಅರ್ಥವಾಯಿತು. ಹೊಸದರ ಗೆರೆಯಲ್ಲಿ ತಗ್ಗು ಇದ್ದದ್ದು ವ್ಯಂಜನಗಳು ಸ್ಪಷ್ಟವಾಗುವ ಜಾಗದಲ್ಲಿ. ಅತ್ತೆಗೆ ಮೇಲಿನ ಗುಡ್ಡ ಕೇಳುವುದೇ ಇಲ್ಲದಿದ್ದರೆ, ತಗ್ಗು ಮಾತ್ರ ಕಾಣುತ್ತದೆ! ಆಗ ಮನೆಯಾಕೆ ತಾಯಿಯ ಹಿಂದೆ ನಿಂತು, ತುಟಿ ಕಾಣದಂತೆ, ಮೆಲ್ಲಗೆ ಹೇಳಿದಳು: ಸಾಲು, ಹಾಲು, ಪಾಲು, ಕಾಲು. ಅತ್ತೆ ನಾಲ್ಕಕ್ಕೂ ಹಾಲು ಅಂದರು. ಯಾರೂ ನಗಲಿಲ್ಲ. ಎರಡು ವರ್ಷದಿಂದ ಫೋನಿನಲ್ಲಿ "ಅಮ್ಮನಿಗೆ ಈಗ ಮಾತಿನ ಮೇಲೆ ಗಮನವಿಲ್ಲ" ಎಂದು ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡಿದ್ದೆವು.

ಮರುದಿನವೇ ಶ್ರವಣಯಂತ್ರದ ಅಂಗಡಿಯೊಂದರಲ್ಲಿ ಪರೀಕ್ಷೆ ಮಾಡಿಸಿದೆವು, ಹಣ ಕೇಳಲಿಲ್ಲ. ಗೆರೆ 1,000 ಹರ್ಟ್ಸ್ ತನಕ ಪರವಾಗಿಲ್ಲ, ಆಮೇಲೆ ಜಾರುಬಂಡಿ. 4,000ದಲ್ಲಿ 60 ಡೆಸಿಬಲ್ ಕೆಳಗೆ. ಕೆಲವು ಔಷಧಗಳೂ ಹೀಗೆ ಮಾಡುತ್ತವೆ: ಜೆಂಟಮೈಸಿನ್ ಇಂಜೆಕ್ಷನ್, ಸಿಸ್‌ಪ್ಲಾಟಿನ್, ಹೆಚ್ಚು ಪ್ರಮಾಣದ ಫ್ಯುರೊಸಮೈಡ್. ಅಭ್ಯಾಸಬಲದಿಂದ ಅವರ ಮಾತ್ರೆಗಳ ಚೀಲ ತಡಕಿದೆವು. ಹಳೆಯ ಚೀಟಿಗಳಲ್ಲೂ ಅಂಥದ್ದೇನೂ ಇರಲಿಲ್ಲ. ಬರೀ ವಯಸ್ಸು.

ಹದಿಮೂರನೆಯ ದಿನ ಹೊಸ ಜೋಡಿ ಪೆಟ್ಟಿಗೆ ಸೇರಿ ವಾಪಸು ಹೋಯಿತು. ಸ್ಪೀಕರ್ ಕೆಟ್ಟದಲ್ಲ, ಆ ಮನೆಯ ಕೆಲಸಕ್ಕೆ ಅದು ಸಲ್ಲಲಿಲ್ಲ, ಅಷ್ಟೆ. ಆ ಹಣವನ್ನು ಶ್ರವಣಯಂತ್ರಕ್ಕೆ ತೆಗೆದಿಟ್ಟರು. ಯಂತ್ರವನ್ನು ಆರಂಭದಲ್ಲಿ ಮತ್ತೆ ಮತ್ತೆ ಹೊಂದಿಸಬೇಕಾಗುತ್ತದೆ, ಆದ್ದರಿಂದ ಊರಿಗೆ ಹೋದ ಮೇಲೆ ಅಲ್ಲೇ ತಜ್ಞರಿಗೆ ತೋರಿಸಿ ಕೊಳ್ಳುವುದು ಎಂದಾಯಿತು. "ಕಿವಿಗೆ ಯಂತ್ರ ಹಾಕಿಕೊಂಡರೆ ಜನ ಏನೆಂದಾರು" ಎಂದು ಅತ್ತೆ ಒಂದು ತಿಂಗಳು ಹಟ ಮಾಡಿದರು. ಈಗ ಹಾಕಿಕೊಳ್ಳುತ್ತಾರೆ, ಮೇಳದ ಆಟಕ್ಕೆ ಹೋಗುವಾಗ ತಪ್ಪದೆ. ಫೋನಿನಲ್ಲಿ ನಮಗೇ "ಯಾಕೆ ಕಿರುಚ್ತೀರಿ ನೀವು" ಅನ್ನುತ್ತಾರೆ.

ನಮ್ಮ ಕೊಲ್ಲಿಯ ಮನೆಗಳ ವಿಷಯ ಇನ್ನೂ ಕಷ್ಟ. ಟೈಲ್ಸ್ ನೆಲ, ಗಾಜಿನ ಬಾಲ್ಕನಿ ಬಾಗಿಲು, ಬಾಡಿಗೆ ಮನೆಯೆಂದು ಮೊಳೆ ಹೊಡೆಯದ ಬೋಳು ಗೋಡೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ಟರ್ ಎಂದು ಪ್ರತಿಧ್ವನಿ ಬಂದರೆ ಹೊಸ ಸ್ಪೀಕರ್‌ಗಿಂತ ಮೊದಲು ದಪ್ಪ ರತ್ನಗಂಬಳಿಯನ್ನೂ ಪರದೆಯನ್ನೂ ತನ್ನಿ. ನಾವು ಹಿಂತಿರುಗಿ ಬಂದು ಮಾಡಿದ್ದು ಇಷ್ಟೇ. ಸಂಘದ ಸಮಾರಂಭಗಳಲ್ಲೂ ಹಿಂದಿನ ಸಾಲಿನ ಹಿರಿಯರು ಮಾತು ಮುಗಿಯುವ ಮೊದಲೇ ಊಟದ ಕಡೆ ನಡೆಯುವುದನ್ನು ಕಂಡು ಅಸಡ್ಡೆ ಎಂದುಕೊಳ್ಳುತ್ತೇವೆ, ಸೌಂಡ್ ಹುಡುಗನಿಗೆ "ಇನ್ನೂ ಜೋರು ಮಾಡು" ಎನ್ನುತ್ತೇವೆ. ಈ ಸಲದ ರಾಜ್ಯೋತ್ಸವಕ್ಕೆ ಮುಂಚೆ ಯಾರಾದರೂ ಒಬ್ಬರು ವೇದಿಕೆಯ ಮೈಕಿನಲ್ಲಿ ಸಾಲು, ಹಾಲು, ಪಾಲು, ಕಾಲು ಎಂದು ಓದಲಿ, ಇನ್ನೊಬ್ಬರು ಕೊನೆಯ ಸಾಲಿನಲ್ಲಿ ಕುಳಿತು ಬರೆದುಕೊಳ್ಳಲಿ.

ಅಳೆಯುವ ಮೈಕ್ ಒಂದನ್ನು ನಾವೂ ಕೊಂಡಿದ್ದೇವೆ. ಸಂಘದ ಸದಸ್ಯರು ಯಾರಿಗೆ ಬೇಕಾದರೂ ಒಯ್ಯಬಹುದು. ಕ್ಯಾಲಿಬ್ರೇಷನ್ ಫೈಲ್ ಇರುವ ಪೆನ್‌ಡ್ರೈವ್ ಅದೇ ಡಬ್ಬಿಯಲ್ಲಿದೆ, ಅದನ್ನು ಮರೆಯದೆ ವಾಪಸು ತನ್ನಿ.