ಗೋಡೆಯ ಮೇಲಿನ ಕಾಟಿ

ಮಲೆನಾಡಿನ ಹಳೆಯ ಮನೆಗಳ ಜಗಲಿಯಲ್ಲಿ ಕೂತು ಕಾಫಿ ಕುಡಿದವರಿಗೆ ಇದು ಹೊಸತಲ್ಲ. ತಲೆಯ ಮೇಲೆ ಕಾಟಿಯ ಬುರುಡೆ, ಪಕ್ಕದಲ್ಲಿ ಕಡವೆಯ ಕವಲುಗೊಂಬು. "ನಮ್ಮಜ್ಜ ಹೊಡೆದದ್ದು" ಎಂದು ಯಜಮಾನರು ಮೀಸೆಯಡಿಯಲ್ಲೇ ನಗುತ್ತಾರೆ. ಅಜ್ಜ ಹೊಡೆದರು, ಸರಿ. ಅಂದಿನಿಂದ ಅದರ ಧೂಳು ಒರೆಸುತ್ತ ಬಂದವರು ಯಾರು? ಅದೇ ಮನೆಯಲ್ಲಿ ಎಂಟು ಹೆತ್ತು ಸಾಕಿದ ಅಜ್ಜಿಯದೊಂದು ಪಟವೂ ಆ ಗೋಡೆಯ ಮೇಲಿರುವುದಿಲ್ಲ.

ಬೇಟೆ ಸರಿಯೋ ತಪ್ಪೋ ಎಂಬ ಚರ್ಚೆ ಈಗ ಬೇಡ; ವನ್ಯಜೀವಿ ಕಾಯಿದೆ ಬಂದದ್ದೇ 1972ರಲ್ಲಿ. ನನ್ನ ತಕರಾರು ಮೊಳೆಯದ್ದು. ಮನೆ ಪಾಲಾದಾಗ ಅಣ್ಣನಿಗೆ ತೋಟ, ತಮ್ಮನಿಗೆ ಪಟ್ಟಣದ ಸೈಟು, ಜೊತೆಗೊಂದು ಬುರುಡೆ. ಜಗಲಿಯಲ್ಲಿ ಅದು ಮರದ ಕಂಬಕ್ಕೆ ಭದ್ರವಾಗಿ ನಿಂತಿತ್ತು. ಇಲ್ಲಿ ತೆಳು ಇಟ್ಟಿಗೆ ಗೋಡೆ, ಮೇಲೆ ಬೆರಳಿನಷ್ಟು ಗಾರೆ. ಕ್ಯಾಲೆಂಡರಿನ ಮೊಳೆಗೆ ಕಾಟಿಯನ್ನು ತೂಗುಹಾಕಿ, ಕೆಳಗೆ ಸೋಫಾ, ಸೋಫಾದಲ್ಲಿ ನಿದ್ದೆಹೋದ ಮೊಮ್ಮಗು! ಬೇಟೆಯಲ್ಲಿ ಗುರಿ ಮುಖ್ಯವೆನ್ನುವ ಗಂಡಸರಿಗೆ ಮೊಳೆ ಹೊಡೆಯುವಾಗ ಗುರಿ ಬೇಡವೆ?

ಇಡಲೇಬೇಕೆಂಬ ಹಟವಿದ್ದರೆ ನೆಟ್ಟಗೆ ಇಡಿಸಿ. ಗಾರೆ ಭಾರ ಹೊರುವುದಿಲ್ಲ. ಡ್ರಿಲ್ಲಿನ ತೂತು ಗಾರೆ ದಾಟಿ ಇಟ್ಟಿಗೆಯ ಮೈಯೊಳಗೇ ಇಳಿಯಬೇಕು, ಇಟ್ಟಿಗೆಗಳ ಸಂದಿಯಲ್ಲಲ್ಲ. ಪ್ಲಗ್ಗು ಕೂರಿಸಿ, ಉದ್ದನೆಯ ಸ್ಕ್ರೂಗಳಿಂದ ದಪ್ಪ ಮರದ ಹಲಗೆಯನ್ನು ಮೊದಲು ಗೋಡೆಗೆ ಬಿಗಿಯಬೇಕು. ಒಂದೇ ಸ್ಕ್ರೂ ಆದರೆ ಹಲಗೆ ತಿರುಗುತ್ತದೆ. ಬುರುಡೆಯನ್ನು ಅದರ ಹಿಂಭಾಗದ ಗಟ್ಟಿ ಎಲುಬಿನಲ್ಲಿ ಹಿಡಿದು ಹಲಗೆಗೆ ಕಟ್ಟಬೇಕು. ಕೊಂಬಿಗೆ ತಂತಿ ಸುತ್ತಿ ತೂಗುಹಾಕುವುದು ಶುದ್ಧ ಅವಿವೇಕ. ಕಡವೆಯ ಕೊಂಬು ಎಲುಬೇ. ಬದುಕಿರುವಾಗ ಅದು ಉದುರಿ ಮತ್ತೆ ಹುಟ್ಟುತ್ತದೆ. ಕಾಟಿಯದು ಹಾಗಲ್ಲ, ಒಳಗಿನ ಎಲುಬಿನ ಮೇಲೆ ಟೋಪಿಯಂತೆ ಕೂತ ಟೊಳ್ಳು ಕವಚ. ಒಣಗಿದ ಮೇಲೆ ಅದು ಸಡಿಲವಾಗಿ ಕಳಚಿಕೊಳ್ಳಬಹುದು. ಕೊಂಬು ಕೈಯಲ್ಲಿ, ಬುರುಡೆ ಕಾಲ ಮೇಲೆ! ಎಷ್ಟೇ ಬಿಗಿದರೂ ಹಾಸಿಗೆ, ಸೋಫಾಗಳ ನೆತ್ತಿಗೆ ಮಾತ್ರ ಬೇಡ.

ಚರ್ಮ, ಕಣ್ಣು ಸಮೇತ ಇರುವ ತಲೆಯಾದರೆ ಇನ್ನೂ ಎಚ್ಚರ. ಹುಳ ಹಿಡಿಯದಂತೆ ಹಿಂದಿನವರು ಚರ್ಮಕ್ಕೆ ಪಾಷಾಣ ಸವರುತ್ತಿದ್ದರು. ಹೌದು, ಆರ್ಸೆನಿಕ್. ಹಬ್ಬಕ್ಕೆ ಮುಂಚೆ ಸೆರಗು ಸಿಕ್ಕಿಸಿ ಅದನ್ನು ಬಡಿದು ಧೂಳೆಬ್ಬಿಸುವವರು ನಾವು. ಆ ಧೂಳು ಯಾರ ಮೂಗಿಗೆ ಹೋಗುತ್ತದೆಂದು ಬೇಟೆಗಾರರ ವಂಶಸ್ಥರು ಎಂದಾದರೂ ಕೇಳಿದ್ದಾರೆಯೆ?

ಇನ್ನು ಕಾಗದ. ಮುಖ್ಯ ವನ್ಯಜೀವಿ ಪರಿಪಾಲಕರು ಕೊಟ್ಟ ಮಾಲೀಕತ್ವದ ಪತ್ರವಿಲ್ಲದಿದ್ದರೆ ಯಾವ ಸ್ಕ್ರೂವೂ ಭದ್ರವಲ್ಲ. 2023ರಲ್ಲಿ ಹುಲಿಯುಗುರಿನ ಪದಕ ತೊಟ್ಟ ಟಿವಿ ಸ್ಪರ್ಧಿಯೊಬ್ಬರು ಬಂಧನಕ್ಕೊಳಗಾದಾಗ ಎಷ್ಟು ಮನೆಗಳ ಕೊಂಬುಗಳು ಅಟ್ಟ ಸೇರಿದವೋ! ಮರುವರ್ಷ ಸರ್ಕಾರವೇ ಇಂಥವನ್ನು ಒಪ್ಪಿಸಲು ಗಡುವು ಕೊಟ್ಟಿತ್ತು. "ಮನೆತನದ ಮರ್ಯಾದೆ" ಎಂದು ಕೊಡದೆ ಕೂತವರಿದ್ದಾರೆ. ಅರಣ್ಯ ಇಲಾಖೆಯವರು ಬಂದು ಕದ ತಟ್ಟುವುದು ಹಗಲು ಹೊತ್ತಿನಲ್ಲಿ. ಆಗ ಬಾಗಿಲು ತೆರೆಯುವವಳು ಮನೆಯಾಕೆ. ಪತ್ರ ಎಲ್ಲಿದೆಯೆಂದು ಇವತ್ತೇ ಕೇಳಿ. ಇಲ್ಲವೆಂದರೆ ಇಲಾಖೆಗೆ ತಿಳಿಸಿ ಒಪ್ಪಿಸುವ ಮಾತೆತ್ತಿ. ಜಗಳವಾದರೆ ಆಗಲಿ, ಅದು ಇತ್ಯರ್ಥವಾಗುವ ತನಕ ಸೋಫಾವನ್ನಾದರೂ ಎದುರಿನ ಗೋಡೆಗೆ ಸರಿಸಿಬಿಡಿ.