ಊರು ಒಂದು, ಹೆಸರು ಹಲವು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರಗಳ ಅಶೋಕನ ಶಾಸನಗಳನ್ನು ನಾವೆಲ್ಲ ಬಲ್ಲೆವು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆಯದು. ಎರಡು ಸಾವಿರ ವರ್ಷಗಳಿಗೂ ಹಿಂದೆ ‘ಇಸಿಲ’ವೆಂಬ ಒಂದೇ ಹೆಸರಿಗೆ ರಾಜಾಜ್ಞೆ ಬಂದು ತಲುಪಿತು. ಇಂದು ನನ್ನ ಅರ್ಜಿಗೆ ನನ್ನ ವಿಳಾಸವೇ ಅಡ್ಡಿಯಾಯಿತು!

ನಾನು ಚಳ್ಳಕೆರೆ ಕಡೆಯ ಒಂದು ಹಟ್ಟಿಯವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದ ಮೊದಲಿಗ. ಪಡಿತರ ಚೀಟಿಯಲ್ಲಿ ಹಟ್ಟಿಯ ಹೆಸರಿದೆ. ಪಹಣಿಯಲ್ಲಿ ಕಂದಾಯ ಗ್ರಾಮದ ಹೆಸರಿದೆ. ಆಧಾರಿನಲ್ಲಿ ಇಂಗ್ಲಿಷ್ ಕಾಗುಣಿತವೇ ಬೇರೆ. ವಿದ್ಯಾರ್ಥಿವೇತನದ ಅರ್ಜಿಯು ‘ವಿಳಾಸ ಹೊಂದುವುದಿಲ್ಲ’ವೆಂದು ಹಿಂದಿರುಗಿತು. ತಂದೆಯವರು ಎರಡು ದಿನದ ಕೂಲಿ ಬಿಟ್ಟು ದೃಢೀಕರಣ ಪತ್ರಕ್ಕಾಗಿ ಅಲೆದರು.

ದೋಷ ಯಾರದು? ಗಣಕಯಂತ್ರವು ಅಕ್ಷರವನ್ನು ಹೋಲಿಸಬಲ್ಲುದೇ ಹೊರತು ಊರನ್ನು ಅರಿಯದು. 1972ರ ಪಿನ್‌ಕೋಡು ಅಂಚೆಯ ವಲಯವನ್ನು ತೋರಿಸುವುದು. 2025ರ ಡಿಜಿಪಿನ್ ನೆಲದ ಮೇಲಿನ ಸುಮಾರು ನಾಲ್ಕು ಮೀಟರಿನ ಚೌಕವನ್ನು ತೋರಿಸುವುದು. ಎರಡು ಹೆಸರುಗಳು ಒಂದೇ ಊರಿನವೆಂದು ಇವೆರಡೂ ಹೇಳಲಾರವು.

ಮಾರ್ಗವಿಲ್ಲದಿಲ್ಲ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು ಗ್ರಾಮಗಳಿಗೆ ಈಗಾಗಲೇ ಸಂಖ್ಯೆಗಳನ್ನು ಕೊಟ್ಟಿದೆ. ಎಲ್ಲ ಇಲಾಖೆಗಳೂ ತಮ್ಮ ದಫ್ತರದಲ್ಲಿ ಆ ಸಂಖ್ಯೆಯನ್ನೇ ಬರೆದುಕೊಳ್ಳಲಿ. ಹಟ್ಟಿ, ತಾಂಡಾಗಳಿಗೂ ತಾಯಿಗ್ರಾಮದೊಡನೆ ಕೂಡಿದ ಸಂಖ್ಯೆ ದೊರೆಯಲಿ. ಹೆಸರಿನ ಎಲ್ಲ ರೂಪಗಳನ್ನೂ ಅದಕ್ಕೆ ಪೋಣಿಸಲಿ. ಆಗ ಒಂದು ದಫ್ತರದ ಮಾತು ಇನ್ನೊಂದಕ್ಕೆ ತಿಳಿಯುವುದು. ಜನರು ಕರೆಯುವ ಯಾವ ಹೆಸರನ್ನೂ ಅಳಿಸಬೇಕಾಗಿಲ್ಲ.

ಹೆಸರುಗಳನ್ನು ಹೊಂದಿಸುವುದು ದಫ್ತರಗಳ ಕೆಲಸ; ಕೂಲಿ ಬಿಟ್ಟು ಅಲೆಯುವ ತಂದೆಯರದಲ್ಲವೆಂಬುದು ನನ್ನ ಅಭಿಮತ.